ಬೆಳಕಿಂಡಿ ಮತ್ತು ಕಟ್ಟಡ ಸಂಹಿತೆ: ಕೊಪ್ಪಳ ಸೀಮೆಯ ಮನೆಗಳಲ್ಲಿ ಗಾಳಿಯ ವ್ಯವಸ್ಥೆ

ಜನಪದ ವಾಸ್ತುವಿನ ಅಧ್ಯಯನದಲ್ಲಿ ಗೋಡೆ, ಬಾಗಿಲು, ಕಂಬ, ಆಯಗಳ ವಿವರಣೆಗೆ ದೊರೆತ ಸ್ಥಾನ ಮನೆಯೊಳಗಿನ ಗಾಳಿಗೆ ದೊರೆತಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಹಳೆಯ ಮಾಳಿಗೆ ಮನೆಗಳು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿವೆ.

ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಮಣ್ಣು ಬಿಗಿದು ಕಟ್ಟಿದ ಈ ಮನೆಗಳ ಗೋಡೆ ದಪ್ಪ, ಕಿಟಕಿಗಳು ವಿರಳ. ಬೇಸಿಗೆಯ ಬಿಸಿಲನ್ನು ಹೊರಗಿಡುವುದು ಇದರ ಉದ್ದೇಶ. ಗೋಡೆಯಲ್ಲಿ ಕಡಿಮೆಯಾದ ತೆರಪನ್ನು ಮಾಳಿಗೆಯ ಬೆಳಕಿಂಡಿ ತುಂಬಿಕೊಡುತ್ತದೆ. ಬೆಳಕು ಮತ್ತು ಕಿಂಡಿ ಸೇರಿ ಆದ ಈ ಪದ ಅದರ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ಒಲೆಯ ಬಿಸಿ ಹೊಗೆ ಹಗುರವಾಗಿ ಮೇಲೇರಿ ಬೆಳಕಿಂಡಿಯಿಂದ ಹೊರಹೋಗುತ್ತದೆ. ಆ ತೆರವನ್ನು ತುಂಬಲು ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ಮಳೆ ಬಂದಾಗ ಅದನ್ನು ಮುಚ್ಚುವುದು, ನಿಂತೊಡನೆ ತೆರೆಯುವುದು ಮನೆಯವರ ದಿನಚರಿಯ ಭಾಗ. ಬರೆದಿಡದ ಕಟ್ಟಡ ನಿಯಮವೊಂದು ಇಲ್ಲಿ ಆಚರಣೆಯ ರೂಪದಲ್ಲಿ ಉಳಿದಿದೆ.

ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವಂತಿಲ್ಲ. ಜೋಳದ ರೊಟ್ಟಿಗೆ ಎಡೆಬಿಡದ ಉರಿ ಬೇಕು; ಬಡಿಯುವವಳು ಒಲೆಗೆ ಹತ್ತಿರವೇ ಕೂರಬೇಕು. ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳ ಹೊಗೆ ಬೆಳಕಿಂಡಿಯನ್ನು ಸೇರುವ ಮೊದಲು ಅವಳ ಕಣ್ಣು, ಎದೆಗಳನ್ನು ಹಾದುಹೋಗುತ್ತದೆ. ಹೊಗೆಯನ್ನು ಒಲೆಯಲ್ಲಿಯೇ ಹಿಡಿದು ಕೊಳವೆಯ ಮೂಲಕ ಹೊರಸಾಗಿಸುವ ‘ಅಸ್ತ್ರ ಒಲೆ’ಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ್ದು ಈ ಕೊರತೆಯನ್ನು ನೀಗಲೆಂದೇ.

1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಗಾಳಿಯನ್ನು ತೆರಪಿನ ವಿಸ್ತೀರ್ಣದಿಂದ ಅಳೆಯುತ್ತದೆ. ವಾಸದ ಕೋಣೆಯ ತೆರಪು ಒಣ ಉಷ್ಣ ಹವೆಯಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಭಾಗ, ತೇವದ ಉಷ್ಣ ಹವೆಯಲ್ಲಿ ಆರನೆಯ ಒಂದು ಭಾಗವಾದರೂ ಇರಬೇಕು. 9.5 ಚದರ ಮೀಟರಿನ ಕೋಣೆಗೆ ಒಣಸೀಮೆಯಲ್ಲಿ ಇದು 0.95 ಚದರ ಮೀಟರ್. ಅಡುಗೆಮನೆಗೆ ಬಯಲಿಗೆ ತೆರೆದ ಕನಿಷ್ಠ 1 ಚದರ ಮೀಟರಿನ ಕಿಟಕಿ ಬೇಕು; ಹೊಗೆನಳಿಗೆ ಅಗತ್ಯ ಕಂಡಲ್ಲಿ ಮಾತ್ರ. ಈ ಸಂಹಿತೆ ಮಾರ್ಗದರ್ಶಿ ಸ್ವರೂಪದ್ದು. ರಾಜ್ಯ ಹಾಗೂ ಸ್ಥಳೀಯ ಸಂಸ್ಥೆಗಳ ನಿಯಮಗಳಲ್ಲಿ ಅಳವಟ್ಟಾಗ ಮಾತ್ರ ಅದಕ್ಕೆ ಕಾನೂನಿನ ಬಲ.

ಸಂಹಿತೆ ಕೇಳುವುದು ತೆರಪೆಷ್ಟು ಎಂದು. ಬೆಳಕಿಂಡಿ ಉತ್ತರಿಸುವುದು ತೆರಪೆಲ್ಲಿ ಎಂಬ ಪ್ರಶ್ನೆಗೆ. ಸೊಂಟದೆತ್ತರದಲ್ಲಿ ಒಂದೇ ಗೋಡೆಗೆ ಇಟ್ಟ ಕಿಟಕಿ ಅಳತೆಯಲ್ಲಿ ಸರಿಯಿದ್ದರೂ ಚಾವಣಿಯಡಿ ನಿಂತ ಹೊಗೆಯನ್ನು ಹೊರಹಾಕಲಾರದು. ಮಾಳಿಗೆಯ ಜಾಗದಲ್ಲಿ ಸಿಮೆಂಟಿನ ಚಾವಣಿ, ತಗಡು ಬಂದಾಗ ಬೆಳಕಿಂಡಿ ಅನೇಕ ಕಡೆ ಇಲ್ಲವಾಯಿತು. ಒಲೆ ಮಾತ್ರ ಉಳಿಯಿತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನಿಲ ಬಂದ ಮನೆಗಳಲ್ಲಿಯೂ ಸ್ನಾನದ ನೀರಿಗೆ, ರೊಟ್ಟಿಗೆ ಕಟ್ಟಿಗೆಯ ಬಳಕೆ ಪೂರ್ಣ ನಿಂತಿಲ್ಲ. ಅದೇ ವರ್ಷದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯ ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಸ್ಥಳವೂ ಸೇರಿ 25 ಚದರ ಮೀಟರ್. ಇಷ್ಟು ಕಿರಿದಾದ ಮನೆಯಲ್ಲಿ ಒಲೆಯ ಹೊಗೆ ಮಲಗುವ ಕೂಸಿನವರೆಗೂ ತಲುಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿಯನ್ನು ಘನ ಮೀಟರಿಗೆ 5 ಮೈಕ್ರೋಗ್ರಾಮಿಗೆ ಇಳಿಸಿತು. ಇದು ಮನೆಯ ಒಳಗೂ ಹೊರಗೂ ಅನ್ವಯಿಸುವ ಮಾರ್ಗಸೂಚಿ. ಗಿಣಗೇರಿ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ನೆರೆಯ ಊರುಗಳಲ್ಲಿ ಹೊರಗಾಳಿಯೇ ಶುದ್ಧವೆಂದು ಭಾವಿಸಿ ಕಿಂಡಿ ತೆರೆದರೆ ಸಾಲದು. ಒಳಬರುವ ಗಾಳಿಯ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಟ್ಟಾರೆ, ಬೆಳಕಿಂಡಿಯನ್ನು ಹಳೆಯ ಮನೆಯ ಅಲಂಕಾರವೆಂದು ದಾಖಲಿಸಿದರೆ ಅದರ ಅರಿವು ಕೈತಪ್ಪುತ್ತದೆ. ಒಲೆಯ ನೇರಕ್ಕೆ ಮೇಲೊಂದು ನಿರ್ಗಮ, ಎದುರಿಗೆ ಕೆಳಗೊಂದು ಪ್ರವೇಶ ಎಂಬ ಅದರ ತತ್ತ್ವವನ್ನು ಗ್ರಾಮೀಣ ವಸತಿಯ ನಕ್ಷೆಗಳಲ್ಲಿ ಅಳವಡಿಸಲು ಹೆಚ್ಚಿನ ವೆಚ್ಚವಿಲ್ಲ. ಕ್ಷೇತ್ರಕಾರ್ಯ ಕೈಗೊಳ್ಳುವವರು ಮನೆಯ ಉದ್ದಗಲದ ಜೊತೆಗೆ ಹೊಗೆಯ ದಾರಿಯನ್ನೂ ಗುರುತಿಸಿಕೊಳ್ಳುವುದು ಅಗತ್ಯ.