ಕಲ್ಲಿನ ಒಳಗೆ ಮನೆ ಮಾಡಿಕೊಂಡವರು

ಹೊಸೂರು ಕಡೆಯ ಗುಮ್ಮಳಾಪುರದಲ್ಲಿ ಡಿಸೆಂಬರ್ ಮುಂಜಾನೆ ಅಂಗಡಿ ಬಾಗಿಲು ತೆರೆದರೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಕರಾವಳಿಯಿಂದ ಹೋದವರಿಗೆ ಅದೇ ದೊಡ್ಡ ಚಳಿ. ಹಾಗಾದ್ರೆ ವರ್ಷದ ಸರಾಸರಿ ಉಷ್ಣತೆಯೇ ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿರುವ ಮರುಭೂಮಿಯಲ್ಲಿ, ಅದೂ ಕಲ್ಲಿನ ಒಳಗೆ, ಜೀವಿಗಳಿವೆ ಅಂದ್ರೆ ನಂಬ್ತೀರಾ?

ಜಾಗ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಒಣ ಕಣಿವೆಗಳು. ಮಳೆ ಇಲ್ಲ, ಬೀಳುವ ಅಲ್ಪಸ್ವಲ್ಪ ಹಿಮವನ್ನೂ ಒಣ ಗಾಳಿ ಹೀರಿಬಿಡುತ್ತದೆ. ಇಲ್ಲಿನ ಮಣ್ಣಿನಲ್ಲಿ ಜೀವ ಇದೆಯಾ ಇಲ್ವಾ ಅಂತ ವಿಜ್ಞಾನಿಗಳಲ್ಲೇ ಜಗಳ ಇತ್ತು. ಇದೆ ಎಂದು ವಾದಿಸುತ್ತಿದ್ದ ಅಮೆರಿಕದ ವುಲ್ಫ್ ವಿಶ್ನಿಯಾಕ್ 1973ರ ಡಿಸೆಂಬರ್‌ನಲ್ಲಿ ಅಲ್ಲೇ ಬೆಟ್ಟದಿಂದ ಜಾರಿಬಿದ್ದು ತೀರಿಕೊಂಡರು. ಅವರು ಆಯ್ದಿಟ್ಟಿದ್ದ ಕಲ್ಲುಗಳನ್ನು ಪತ್ನಿ ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿಗೆ ಕಳಿಸಿದರು. ಕಲ್ಲಿನೊಳಗೆ ಜೀವ ಸಿಕ್ಕಿತು. ಫ್ರೀಡ್‌ಮನ್ ಮತ್ತು ಅವರ ಪತ್ನಿ, ಫಿಲಿಪ್ಪೀನ್ಸ್ ಮೂಲದ ರೊಸೆಲಿ ಒಕಾಂಪೊ, 1976ರಲ್ಲಿ ಇದನ್ನು ಪ್ರಕಟಿಸಿದರು. ಹುಡುಕಿದವನಿಗೆ ಮಾತ್ರ ನೋಡುವ ಭಾಗ್ಯ ಇರಲಿಲ್ಲ.

ಗುಮ್ಮಳಾಪುರ ಸುತ್ತಿನ ಗ್ರಾನೈಟ್ ಗಟ್ಟಿ, ಅದರಲ್ಲಿ ಜೀವಿಗೆ ಸಿಗುವುದು ಬಿರುಕು ಮಾತ್ರ. ಒಣ ಕಣಿವೆಯ ಮರಳುಗಲ್ಲು ಹಾಗಲ್ಲ, ಮರಳಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಕಲ್ಲು ಒಡೆದರೆ ಮೇಲಿನ ಸಿಪ್ಪೆಯ ಕೆಳಗೆ ಕಪ್ಪು, ಬಿಳಿ, ಹಸಿರು ಪಟ್ಟಿ ಕಾಣುತ್ತದೆ. ಎಲ್ಲವೂ ಸೇರಿ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಕಪ್ಪು ಪದರದ ಬಣ್ಣ ಕಟು ಬಿಸಿಲನ್ನು ತಡೆಯುವ ಛತ್ರಿ. ಬಿಳಿಯಲ್ಲಿ ಶಿಲೀಂಧ್ರದ ಎಳೆಗಳು. ಹಸಿರಿನಲ್ಲಿ ಪಾಚಿ, ಸೋಸಿ ಬಂದ ಚೂರು ಬೆಳಕಿನಲ್ಲೇ ಅದು ಅಡುಗೆ ಮಾಡಬೇಕು.

ಚಳಿಗೆ ಏನು ಉಪಾಯ? ಆ ಎಣ್ಣೆ ಬಾಟಲಿಗಳನ್ನೇ ನೆನಪಿಸಿಕೊಳ್ಳಿ. ಜೀವಕೋಶದ ಹೊರಪೊರೆಯೂ ಕೊಬ್ಬಿನದ್ದೇ. ಅದು ಹೆಪ್ಪುಗಟ್ಟಿದರೆ ಒಳಗೆ-ಹೊರಗೆ ಸಾಗಾಟ ಬಂದ್. ಹಾಗಾಗಿ ಚಳಿಗೆ ಒಗ್ಗಿದ ಜೀವಿಗಳು ಕಡಲೆಕಾಯಿ ಎಣ್ಣೆಯ ಹಾಗೆ ಬೇಗ ಗಟ್ಟಿಯಾಗದ ಕೊಬ್ಬನ್ನು ಪೊರೆಯಲ್ಲಿ ಹೆಚ್ಚಿಸಿಕೊಳ್ಳುತ್ತವೆ. ಜೊತೆಗೆ ಸಕ್ಕರೆಯಂಥ ವಸ್ತುಗಳನ್ನು ತುಂಬಿಕೊಂಡು, ಐಸ್‌ನಿಂದಲೂ ಒಣಗುವಿಕೆಯಿಂದಲೂ ಕೋಶವನ್ನು ಕಾಪಾಡಿಕೊಳ್ಳುತ್ತವೆ.

ಆದರೂ ಅಸಲಿ ಗುಟ್ಟು ಖರ್ಚು ಕಡಿಮೆ ಮಾಡುವುದರಲ್ಲಿದೆ. ಬೇಸಿಗೆಯಲ್ಲಿ ಬಿಸಿಲು ತಾಗಿದ ಕಲ್ಲು ಗಾಳಿಗಿಂತ ಎಷ್ಟೋ ಬೆಚ್ಚಗಾಗುತ್ತದೆ, ಮೇಲಿನ ಹಿಮ ಕರಗಿ ಸಂದಿಗಿಳಿಯುತ್ತದೆ. ಆಗ ಮಾತ್ರ ಅಂಗಡಿ ಓಪನ್! ವರ್ಷಕ್ಕೆ ಸಾವಿರ ಗಂಟೆಯೊಳಗೆ ಉಸಿರಾಟ, ಊಟ, ಬೆಳವಣಿಗೆ ಎಲ್ಲಾ ಮುಗಿಯಬೇಕು. ಉಳಿದ ಸಮಯವೆಲ್ಲ ಷಟರ್ ಕೆಳಗೆ. ಫ್ರೀಡ್‌ಮನ್ ತಂಡದ ಅಂದಾಜಿನಂತೆ ಇಲ್ಲಿನ ಇಂಗಾಲದ ಬಂಡವಾಳ ಒಂದು ಸುತ್ತು ತಿರುಗಲು 10,000 ವರ್ಷಕ್ಕೂ ಹೆಚ್ಚು ಬೇಕು. ಲಾಭವೂ ಅಷ್ಟೇ ತೆಳು.

ಈ ಕಲ್ಲುಗಳಿಂದ ಬೇರ್ಪಡಿಸಿದ ಒಂದು ಕಪ್ಪು ಶಿಲೀಂಧ್ರವನ್ನು 2008ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಇಟ್ಟರು. ಒಂದೂವರೆ ವರ್ಷದ ನಂತರವೂ ಅದರ ಕೆಲವು ಕೋಶಗಳು ಮತ್ತೆ ಬೆಳೆದವು. ಮಂಗಳನ ಮೇಲೆ ಜೀವ ಹುಡುಕುವವರ ಕಣ್ಣು ಕಲ್ಲಿನ ಒಳಗಿರುವುದಕ್ಕೆ ಇಂಥವೂ ಕಾರಣ.

ಇಷ್ಟು ಗಟ್ಟಿಗ ಜೀವಿಗೂ ಬೂಟುಗಾಲಿನ ತುಳಿತ ತಡೆಯಲಾಗದು. ಕಲ್ಲಿನ ಸಿಪ್ಪೆ ಒಡೆದರೆ ಮತ್ತೆ ಕಟ್ಟಿಕೊಳ್ಳುವುದು ಮನುಷ್ಯರ ಲೆಕ್ಕಕ್ಕೆ ಸಿಗುವ ಕಾಲದಲ್ಲಿ ಆಗುವ ಕೆಲಸವಲ್ಲ. ಇವು ಸಮೃದ್ಧವಾಗಿರುವ ಲಿನೇಯಸ್ ಟೆರೇಸ್ ಎಂಬ ಜಾಗಕ್ಕೆ 1985ರಿಂದ ಅಂಟಾರ್ಕ್ಟಿಕ್ ಒಪ್ಪಂದದ ರಕ್ಷಣೆ ಇದೆ. ಪರ್ಮಿಟ್ ಇಲ್ಲದೆ ಯಾರೂ ಕಾಲಿಡುವಂತಿಲ್ಲ.