ಹಾಡಿದವಳ ಹೆಸರು

ಸಕಲೇಶಪುರದ ಪಕ್ಕದ ಆನೇಮಹಲ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಕಿವಿಗೆ ಹಳೆಯ ಸಿನಿಮಾ ಹಾಡೊಂದು ಬಿದ್ದರೆ, ಹಾಡಿದವರು ಎಸ್. ಜಾನಕಿಯೋ ಪಿ. ಸುಶೀಲಾ ಅವರೋ ಎಂದು ಗುರುತಿಸಿ ಹೇಳುವವರು ಒಬ್ಬರಾದರೂ ಇರುತ್ತಾರೆ. ಪರದೆಯ ಮೇಲೆ ತುಟಿ ಆಡಿಸಿದ ನಟಿ ಬೇರೆ, ಹಾಡಿದ ಗಾಯಕಿ ಬೇರೆ ಎಂಬುದು ಇಂದು ಯಾರಿಗೂ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಆದರೆ ನಟಿಯೇ ಗಾಯಕಿಯೂ ಆಗಿರಬೇಕಾಗಿದ್ದ ಕಾಲವೊಂದಿತ್ತು. ಆ ಕಾಲ ಹೋಗಿ ಈ ಕಾಲ ಬರುವ ನಡುವೆ ಎಷ್ಟೋ ದನಿಗಳು ಉಳಿದವು, ಹೆಸರುಗಳು ಮಾಸಿದವು. ಹಾಗೆ ಮಾಸಿದ ಹೆಸರುಗಳಲ್ಲಿ ಅಮೀರಬಾಯಿ ಕರ್ನಾಟಕಿ ಅವರದೂ ಒಂದು.

ಮಾತಿನ ಚಿತ್ರ ಬಂದ ಹೊಸತರಲ್ಲಿ ಹಾಡು ಮತ್ತು ಅಭಿನಯ ಎರಡನ್ನೂ ಕ್ಯಾಮೆರಾದ ಮುಂದೆ ಒಟ್ಟಿಗೇ ಮುದ್ರಿಸಿಕೊಳ್ಳಬೇಕಿತ್ತು. ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಕುಳಿತು ನುಡಿಸುತ್ತಿದ್ದರು. ಆದ್ದರಿಂದ ಹಾಡಲು ಬಾರದವರಿಗೆ ನಾಯಕ, ನಾಯಕಿಯ ಪಾತ್ರ ಸಿಗುವುದು ಕಷ್ಟವಾಗಿತ್ತು. ಹಾಡಿ ಅಭಿನಯಿಸಬಲ್ಲವರು ಸಿದ್ಧವಾಗಿ ಸಿಗುತ್ತಿದ್ದುದು ನಾಟಕ ಕಂಪನಿಗಳಲ್ಲಿ. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ಲಕ್ಷ್ಮೀಬಾಯಿ ಮೊದಲಾದವರು ರಂಗಭೂಮಿಯಿಂದಲೇ ಬಂದವರು. ಚಿಕ್ಕಮಗಳೂರಿನಲ್ಲಿ ಹುಟ್ಟಿ ಗುಬ್ಬಿ ಕಂಪನಿಯಲ್ಲಿ ಬೆಳಗಿದ ಬಿ. ಜಯಮ್ಮ ಕೂಡ ಇದೇ ಸಾಲಿನ ಗಾಯಕ ನಟಿ.

ಅಮೀರಬಾಯಿ ಹುಟ್ಟಿದ್ದು ಅಂದಿನ ಬಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಆಗ ಆ ಭಾಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಕಲಾವಿದರಿಗೆ ಬೆಂಗಳೂರು, ಮೈಸೂರುಗಳಿಗಿಂತ ಮುಂಬೈ, ಪುಣೆಗಳೇ ಹತ್ತಿರ. ಅಕ್ಕ ತಂಗಿಯರಲ್ಲಿ ಇಬ್ಬರು ಹೆಸರು ಮಾಡಿದರು. ಗೋಹರಬಾಯಿ ಕರ್ನಾಟಕಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕಂಪನಿಯ ನಾಯಕಿಯಾದರು. ಸ್ತ್ರೀಪಾತ್ರಗಳಿಂದಲೇ ಮನೆಮಾತಾಗಿದ್ದ ಗಂಡಸಿನ ಕಂಪನಿಯಲ್ಲಿ ಹೆಂಗಸೊಬ್ಬಳು ಆ ಪಾತ್ರಗಳಿಗೆ ಬಂದದ್ದು ಸಣ್ಣ ಮಾತಲ್ಲ. ಅಮೀರಬಾಯಿ ಮುಂಬೈಯ ಸಿನಿಮಾ ಸೇರಿದರು. 1934ರ ‘ವಿಷ್ಣು ಭಕ್ತಿ’ ಅವರ ಮೊದಲ ಚಿತ್ರ. 1940ರಲ್ಲಿ ವಿಜಯ ಭಟ್ ನಿರ್ದೇಶಿಸಿದ ‘ನರಸಿ ಭಗತ್’ನಲ್ಲಿ ನಟಿಸಿದರು, ಹಾಡಿದರು. ಗಾಂಧೀಜಿಗೆ ಪ್ರಿಯವಾಗಿದ್ದ ನರಸಿ ಮೆಹ್ತಾರ ‘ವೈಷ್ಣವ ಜನತೋ’ ಭಜನೆ ಆ ಚಿತ್ರದ ಮೂಲಕ ಅವರ ದನಿಯಲ್ಲೂ ಊರೂರು ಸೇರಿತು.

ಅಷ್ಟರಲ್ಲಿ ಒಂದು ಹೊಸ ತಂತ್ರ ಬಂದಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ನುಡಿಸಿ, ನಟರಿಂದ ತುಟಿಯಾಡಿಸುವ ಪದ್ಧತಿಯನ್ನು ‘ಧೂಪ್ ಛಾಂವ್’ ಚಿತ್ರದಲ್ಲಿ ಬಳಸಿತು. ಇದೇ ಹಿನ್ನೆಲೆ ಗಾಯನದ ಆರಂಭ. ಮೊದಮೊದಲು ಇದು ಒಂದು ಅನುಕೂಲವಷ್ಟೇ ಆಗಿತ್ತು. ಆದರೆ ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠ ಜೋಡಿಸಬಹುದೆಂದು ಗೊತ್ತಾದ ಮೇಲೆ ಗಾಯಕ ನಟಿಯರ ಅಗತ್ಯವೇ ಕಡಿಮೆಯಾಗತೊಡಗಿತು. ಅಮೀರಬಾಯಿ ಈ ಎರಡು ಕಾಲಗಳಲ್ಲಿ ಒಂದೊಂದು ಕಾಲಿಟ್ಟು ನಿಂತವರು. ಕೆಲವು ಚಿತ್ರಗಳಲ್ಲಿ ತಾವೇ ನಟಿಸಿ ಹಾಡಿದರು. ಇನ್ನು ಕೆಲವದರಲ್ಲಿ ಬೇರೆ ನಟಿಯರಿಗೆ ಕಂಠ ಕೊಟ್ಟರು.

ಹಾಗೆ ಕಂಠ ಕೊಟ್ಟ ಚಿತ್ರಗಳಲ್ಲಿ ದೊಡ್ಡದು 1943ರ ‘ಕಿಸ್ಮತ್’. ಬಾಂಬೆ ಟಾಕೀಸಿನ ಈ ಚಿತ್ರಕ್ಕೆ ಸಂಗೀತ ಅನಿಲ್ ಬಿಶ್ವಾಸ್ ಅವರದು, ಗೀತೆಗಳು ಕವಿ ಪ್ರದೀಪರವು. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಚಿತ್ರದಲ್ಲಿ ನಾಟಕದ ರಂಗದ ಮೇಲೆ ಮೊಳಗುವ ಗೀತೆಯೊಂದು ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರಿಯಲಿ ಎಂದು ಸಾರುತ್ತದೆ. ಅಮೀರಬಾಯಿ, ಖಾನ್ ಮಸ್ತಾನಾ ಮತ್ತು ಸಂಗಡಿಗರು ಹಾಡಿದ ಗೀತೆ ಅದು. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಇನ್ನೂ ವರ್ಷವೂ ಕಳೆದಿರಲಿಲ್ಲ. ಬ್ರಿಟಿಷ್ ಸೆನ್ಸಾರಿನ ಕೈಯಿಂದ ಇಂಥ ಹಾಡು ಪಾರಾದದ್ದು ಹೇಗೆ?

ಗುಟ್ಟು ಸಾಹಿತ್ಯದಲ್ಲಿತ್ತು. ಗೀತೆ ವೈರಿಗಳೆಂದು ಹೆಸರಿಸಿದ್ದು ಜರ್ಮನರನ್ನು ಮತ್ತು ಜಪಾನೀಯರನ್ನು. ಜಪಾನಿ ಸೇನೆ 1942ರಲ್ಲಿ ಬರ್ಮಾವನ್ನು ವಶಪಡಿಸಿಕೊಂಡಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಮೇಲೆ ಬಾಂಬುಗಳೂ ಬಿದ್ದಿದ್ದವು. ಕಾಗದದ ಮೇಲೆ ಅದು ಯುದ್ಧಕಾಲದ ನಿಷ್ಠಾವಂತ ಹಾಡು. ಆದರೆ ಪ್ರೇಕ್ಷಕರು ‘ಹೊರಗಿನವರು’ ಎಂಬುದಕ್ಕೆ ತಮ್ಮದೇ ಅರ್ಥ ಹಚ್ಚಿಕೊಂಡರು. ಅಧಿಕಾರಿಗಳಿಗೆ ಗುಟ್ಟು ತಿಳಿದಾಗ ಪ್ರದೀಪ್ ತಲೆಮರೆಸಿಕೊಳ್ಳಬೇಕಾಯಿತೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತ. ಬಾಂಬು ಬಿದ್ದ ಅದೇ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಕುತೂಹಲದ ಸಂಗತಿಯೆಂದರೆ, ಅದೇ 1943ರಲ್ಲಿ ಯುದ್ಧದ ಆಚೆ ಬದಿಯಲ್ಲೂ ಇಂಥದೇ ಪ್ರಸಂಗ ನಡೆಯಿತು. ಜಪಾನಿನ ಹಿಡಿತದಲ್ಲಿದ್ದ ಶಾಂಘೈಯಲ್ಲಿ ಅಫೀಮು ಯುದ್ಧವನ್ನು ಕುರಿತ ‘ವಾನ್ ಶಿ ಲಿಯು ಫಾಂಗ್’ ಎಂಬ ಚಿತ್ರ ಬಂತು. ಬ್ರಿಟಿಷರ ಮೇಲೆ ಚೀನೀಯರ ಸಿಟ್ಟು ತಿರುಗಲಿ ಎಂಬುದು ಜಪಾನಿಯರ ಎಣಿಕೆ. ಚೀನಾದ ಪ್ರೇಕ್ಷಕರು ಮಾತ್ರ ಪರದೆಯ ಮೇಲಿನ ಆಕ್ರಮಣಕಾರರಲ್ಲಿ ಜಪಾನಿಯರನ್ನೇ ಕಂಡರು. ಆ ಚಿತ್ರದಲ್ಲಿ ಮಿಠಾಯಿ ಮಾರುವ ಹುಡುಗಿಯಾಗಿ ಹಾಡಿದ ನಟಿ ಲಿ ಶಿಯಾಂಗ್‌ಲಾನ್. ಮರುವರ್ಷ ಆಕೆ ಹಾಡಿದ ‘ಯೆ ಲೈ ಶಿಯಾಂಗ್’ ಚೀನಾದ ಜನಪ್ರಿಯ ಗೀತೆಗಳ ಸಾಲಿಗೆ ಸೇರಿತು.

ಆ ಚೀನೀ ಹೆಸರಿನ ಹಿಂದಿದ್ದದ್ದು ಜಪಾನಿನ ಯೋಶಿಕೊ ಯಾಮಾಗುಚಿ. 1920ರಲ್ಲಿ ಮಂಚೂರಿಯಾದಲ್ಲಿ ಜಪಾನಿ ತಂದೆ ತಾಯಿಗೆ ಹುಟ್ಟಿ, ಚೀನೀ ಭಾಷೆಯನ್ನು ಮನೆಮಾತಿನಂತೆ ಕಲಿತವರು. ಮಂಚೂರಿಯಾದ ಜಪಾನಿ ಚಿತ್ರಸಂಸ್ಥೆ ಅವರನ್ನು ಚೀನೀ ನಟಿಯೆಂದೇ ಪ್ರಚಾರ ಮಾಡಿತ್ತು. 1941ರಲ್ಲಿ ಟೋಕಿಯೋದಲ್ಲಿ ಅವರ ಹಾಡು ಕೇಳಲು ಬಂದವರ ಸಾಲು ರಂಗಮಂದಿರವನ್ನು ಏಳೂವರೆ ಸುತ್ತು ಸುತ್ತಿತ್ತಂತೆ. 1945ರಲ್ಲಿ ಜಪಾನ್ ಸೋತಾಗ ಆ ಹೆಸರೇ ಉರುಳಾಯಿತು. ಶತ್ರುವಿಗಾಗಿ ಹಾಡಿದ ಚೀನೀ ಹೆಣ್ಣೆಂದು ದೇಶದ್ರೋಹದ ಆರೋಪ ಬಂತು. ಬಾಲ್ಯದ ಗೆಳತಿಯೊಬ್ಬಳ ನೆರವಿನಿಂದ ಬಂದ ಕುಟುಂಬದ ದಾಖಲೆ ಆಕೆ ಜಪಾನಿ ಎಂದು ರುಜುವಾತು ಮಾಡಿತು. 1946ರಲ್ಲಿ ಜೀವ ಉಳಿಸಿಕೊಂಡು ಜಪಾನಿಗೆ ಮರಳಿದರು. ಮುಂದೆ 1974ರಿಂದ 1992ರವರೆಗೆ ಜಪಾನ್ ಸಂಸತ್ತಿನ ಮೇಲ್ಮನೆಯ ಸದಸ್ಯೆಯಾಗಿದ್ದು, 2014ರಲ್ಲಿ ನಿಧನರಾದರು.

ಒಬ್ಬರಿಗೆ ಹೆಸರೇ ಗಂಡಾಂತರವಾದರೆ, ಇನ್ನೊಬ್ಬರ ಹೆಸರು ಮೆಲ್ಲಗೆ ಜನರ ನೆನಪಿನಿಂದ ಸರಿಯಿತು. ಇದರಲ್ಲಿ ಗ್ರಾಮಫೋನ್ ತಟ್ಟೆಯ ಪಾತ್ರವೂ ಇದೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮೈಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ನಡುವಿನ ದುಂಡು ಚೀಟಿಯ ಮೇಲೆ ಗಾಯಕಿಯ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚು ಹಾಕುವ ರೂಢಿ ಬಹುಕಾಲ ಇತ್ತು. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೂ ಇದ್ದದ್ದು ‘ಕಾಮಿನಿ’ ಎಂಬ ಪಾತ್ರದ ಹೆಸರೇ. ಹಾಡಿದವರು ಯಾರೆಂದು ಕೇಳುಗರು ರೇಡಿಯೋ ಕೇಂದ್ರಗಳಿಗೆ ಪತ್ರ ಬರೆದು ಕೇಳಿದರು. ಆ ಬಳಿಕ ಹಿನ್ನೆಲೆ ಗಾಯಕರ ಹೆಸರು ಮುಂದೆ ಬರುವುದು ವಾಡಿಕೆಯಾಯಿತು.

ಆ ಮನ್ನಣೆ ದೊರೆಯುವ ಹೊತ್ತಿಗೆ ಅಮೀರಬಾಯಿ ಅವರ ಕಾಲ ಇಳಿಮುಖವಾಗಿತ್ತು. 1944ರ ‘ರತನ್’ನಲ್ಲಿ ನೌಷಾದರಿಗಾಗಿ, 1947ರ ‘ಶೆಹನಾಯಿ’ಯಲ್ಲಿ ಸಿ. ರಾಮಚಂದ್ರರಿಗಾಗಿ ಅವರು ಹಾಡಿದ ಗೀತೆಗಳು ಮನೆಮಾತಾಗಿದ್ದವು. ಆದರೆ 1949ರ ನಂತರ ಚಿತ್ರರಂಗ ಬಯಸಿದ್ದು ತೆಳುವಾದ, ಎಳೆಯ ಕಂಠವನ್ನು. ಅವರದು ಬೈಠಕ್ಕಿನ, ರಂಗಭೂಮಿಯ ತುಂಬು ಕಂಠ. ಹಾಡುವ ಅವಕಾಶ ಕುಗ್ಗಿತು; ಪೋಷಕ ಪಾತ್ರಗಳಲ್ಲಿ ನಟಿಸುತ್ತ ಮುಂದುವರಿದರು. 1965ರ ಮಾರ್ಚ್ 3ರಂದು ತೀರಿಕೊಂಡರು.

‘ಕನ್ನಡ ಕೋಗಿಲೆ’ ಎಂದು ಕರೆಸಿಕೊಂಡವರನ್ನು ಕನ್ನಡಿಗರೇ ಬಹುಕಾಲ ಮರೆತಿದ್ದರೆಂಬುದು ವಿಷಾದದ ಸಂಗತಿ. ಬಿಜಾಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಊರವರ ಬಾಯಲ್ಲಿ ಉಳಿಸಿತ್ತು. ಸಿಲೋನ್ ರೇಡಿಯೋ ಬೆಳಗಿನ ಹೊತ್ತು ಬಿತ್ತರಿಸುತ್ತಿದ್ದ ಹಳೆಯ ಹಾಡುಗಳು ದನಿಯನ್ನು ಉಳಿಸಿದವು. ಲೇಖಕ ರಹಮತ್ ತರೀಕೆರೆ ಅವರ ಜೀವನವನ್ನು ಕುರಿತು ಪುಸ್ತಕ ಬರೆದ ಮೇಲೆ ಹೊಸ ಓದುಗರಿಗೂ ಪರಿಚಯವಾಯಿತು.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಹಿಂದಿ, ಗುಜರಾತಿ ಹಾಡುಗಳಿಂದ ಬದುಕು ಕಟ್ಟಿಕೊಂಡ ಈ ಗಾಯಕಿ ಮುಂಬೈಯಲ್ಲಿ ‘ಕರ್ನಾಟಕಿ’ಯಾಗಿಯೇ ಉಳಿದರು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆ ಹೆಸರಿನ ರಾಜ್ಯವೊಂದು ಭೂಪಟದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ, ಬೀಳಗಿಯ ಹೆಣ್ಣುಮಗಳೊಬ್ಬಳು ಅದನ್ನು ತನ್ನ ಹೆಸರಿನ ಜೊತೆ ಹೊತ್ತು ದೇಶದ ತುಂಬ ಹಾಡಿದ್ದಳು.