ಕನಕಾಂಬರ ಮತ್ತು ಮರುಗ

‘ಬೀಡಿ, ಸಿಗರೇಟು ಮುಟ್ಟದ ನಲವತ್ತರ ಚಿಕ್ಕಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬಂತು? ಡಾಕ್ಟರು ಬಯಾಪ್ಸಿ ಮಾಡಿಸಿ ಅಂತಾರೆ. ಸೂಜಿ ತಾಗಿದರೆ ಗಡ್ಡೆ ಕೆರಳುತ್ತೆ ಅಂತ ಮನೆಯ ಹಿರಿಯರು ತಡೀತಿದ್ದಾರೆ. ಯಾರ ಮಾತು ಕೇಳಲಿ?’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಡಾಕ್ಟರ ಮಾತು ಕೇಳಿ. ಕಾರಣ ಹೇಳುತ್ತೇನೆ.

ಧೂಮಪಾನ ಮಾಡದವರಲ್ಲಿ, ಕಿರಿಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ಅಪರೂಪದ ಬಗೆಯೊಂದಿದೆ: ಎಎಲ್‌ಕೆ ಪಾಸಿಟಿವ್. ಶ್ವಾಸಕೋಶದ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು ಮೂರರಿಂದ ಐದು ಮಂದಿಯದು ಈ ಬಗೆ. 2007ರಲ್ಲಿ ಜಪಾನಿನ ಹಿರೊಯುಕಿ ಮಾನೊ ಅವರ ತಂಡ ಇದರ ಗುಟ್ಟು ಬಿಡಿಸಿತು. ನಮ್ಮ ಎರಡನೇ ಕ್ರೋಮೋಸೋಮನ್ನು ಹೂವಿನ ದಂಡೆ ಎಂದುಕೊಳ್ಳಿ. ನಡುವಿನ ಒಂದು ಗೇಣು ತುಂಡಾಗಿ, ಹಿಂದುಮುಂದಾಗಿ ತಿರುಗಿ, ಮತ್ತೆ ಅಲ್ಲೇ ಕೂಡಿಕೊಳ್ಳುತ್ತದೆ. ಆಗ ಇಎಂಎಲ್4 ಜೀನಿನ ತಲೆಗೆ ಎಎಲ್‌ಕೆ ಜೀನಿನ ಬಾಲ ಬೆಸೆಯುತ್ತದೆ. ವಯಸ್ಕರ ಶ್ವಾಸಕೋಶದಲ್ಲಿ ಸುಮ್ಮನಿರಬೇಕಾದ ಎಎಲ್‌ಕೆ ಎಚ್ಚೆತ್ತು, ‘ಬೆಳೆ, ಬೆಳೆ’ ಎಂದು ಕೋಶದ ಬೆನ್ನು ಹತ್ತುತ್ತದೆ. ಬದುಕಿನ ನಡುವೆ ಒಂದು ಕೋಶದಲ್ಲಾದ ಎಡವಟ್ಟು ಇದು. ಪೂರ್ವಜನ್ಮದ ಕರ್ಮ ಎನ್ನುವವರು ಆ ಮಾತನ್ನು ರೋಗಿಯ ಮುಂದೆ ಆಡದಿರಲಿ.

ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳು ಗಡ್ಡೆಯನ್ನು ತೋರಿಸುತ್ತವೆ, ದಂಡೆಯ ತಿರುವನ್ನು ತೋರಿಸಲಾರವು. ಅದಕ್ಕೆ ಸಾಮಾನ್ಯವಾಗಿ ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ಚೂರು ಬೇಕು. ‘ಫಿಶ್’ ಎಂಬ ಪರೀಕ್ಷೆಯಲ್ಲಿ ಎಎಲ್‌ಕೆ ಮುರಿಯುವ ಜಾಗದ ಒಂದು ಬದಿಗೆ ಹೊಳೆಯುವ ಕೆಂಪು, ಇನ್ನೊಂದು ಬದಿಗೆ ಹಸಿರು ಬಣ್ಣ ಅಂಟಿಸುತ್ತಾರೆ. ಕನಕಾಂಬರಕ್ಕೆ ಒತ್ತಿ ಮರುಗ ಕಟ್ಟಿದ ಹಾಗೆ! ಸಹಜ ಕೋಶದಲ್ಲಿ ಎರಡೂ ಬೆರೆತು ಹಳದಿಯಾಗಿ ಕಾಣುತ್ತವೆ. ದಂಡೆ ತಿರುಗಿದ್ದರೆ ಕನಕಾಂಬರ ಒಂದು ಕಡೆ, ಮರುಗ ಇನ್ನೊಂದು ಕಡೆ. ಕನಿಷ್ಠ 50 ಕೋಶ ಎಣಿಸಿ, ಶೇ 15 ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಹೀಗೆ ಅಗಲಿದ್ದರೆ ಪಾಸಿಟಿವ್ ಎನ್ನುತ್ತಾರೆ. ಕತ್ತಲು ಕೋಣೆಯಲ್ಲಿ ಆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ದಿನ ನಾನು ಬಹಳ ಹೊತ್ತು ಎದ್ದಿರಲಿಲ್ಲ. ಒಬ್ಬರ ಚಿಕಿತ್ಸೆಯ ದಾರಿ ಎರಡು ಚುಕ್ಕಿಗಳ ನಡುವಿನ ಅಂತರದಲ್ಲಿತ್ತು.

ಇನ್ನು ಸೂಜಿಯ ಭಯ. ಬಯಾಪ್ಸಿಯ ಸೂಜಿಯಿಂದ ಕ್ಯಾನ್ಸರ್ ಹರಡುವುದು ಬಲು ವಿರಳ. ಪರೀಕ್ಷೆಯ ನಂತರ ರೋಗಿ ಸೊರಗಿದರೆ ಸೂಜಿಗೆ ಅಪವಾದ. ತಡಮಾಡಿದ ತಿಂಗಳುಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಎಎಲ್‌ಕೆಯ ಬಾಯಿ ಕಟ್ಟುವ ಕ್ರಿಜೋಟಿನಿಬ್ 2011ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ನಂತರ ಬಂದ ಲೋರ್ಲಾಟಿನಿಬ್ ಮಾತ್ರೆ ಪಡೆದ, ರೋಗ ಹರಡಿದ್ದವರಲ್ಲಿ ಶೇ 60ರಷ್ಟು ಮಂದಿಗೆ ಐದು ವರ್ಷ ಕಳೆದರೂ ರೋಗ ಮುಂದುವರಿದಿರಲಿಲ್ಲ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಎಎಲ್‌ಕೆ ಪರೀಕ್ಷೆ ಮಾಡದೆ ಈ ಮಾತ್ರೆ ಬರೆಯಲು ಬರುವುದಿಲ್ಲ.

ಚಿಕ್ಕಮ್ಮನದು ಇದೇ ಬಗೆಯೋ ಅಲ್ಲವೋ, ಪತ್ರ ಓದಿ ನಾನು ಹೇಳಲಾರೆ. ಹಿರಿಯರೂ ಹೇಳಲಾರರು. ಆ ಚೂರು ನೋಡಿದವರಷ್ಟೇ ಹೇಳಬಲ್ಲರು. ನಾಳೆಯೇ ಕರೆದುಕೊಂಡು ಹೋಗಿ.